ಜಂಜಿಬಾರಿಗೆ ಹೊರಟವರ ಪ್ರಶ್ನೆಗಳು: ಊಟ, ಸಂತೆ, ಹಬ್ಬ

ಪೂರ್ವ ಆಫ್ರಿಕಾದ ಕರಾವಳಿಯ ಬಗ್ಗೆ ಬರುವ ಪತ್ರಗಳು ಈಚೆಗೆ ಹೆಚ್ಚಿವೆ. ತಾಂಜಾನಿಯಾದಲ್ಲಿ ಸಫಾರಿ ಮುಗಿಸಿ ನಾಲ್ಕು ದಿನ ಅದೇ ದೇಶದ ದ್ವೀಪವಾದ ಜಂಜಿಬಾರಿನಲ್ಲಿ ಉಳಿಯುವವರು ಒಂದು ಕಡೆ. 2023ರಲ್ಲಿ ಮದ್ರಾಸ್ ಐಐಟಿ ಅಲ್ಲೊಂದು ಕ್ಯಾಂಪಸ್ ತೆರೆದ ಮೇಲೆ ಮಕ್ಕಳನ್ನು ನೋಡಿಬರಲು ಹೊರಡುವ ಅಪ್ಪ ಅಮ್ಮಂದಿರು ಇನ್ನೊಂದು ಕಡೆ. ವೀಸಾ, ವಿಮಾನ, ಹುಲಿ ಸಿಂಹ ಎಲ್ಲ ಬಿಟ್ಟು (ಹುಲಿ ಅಲ್ಲಿಲ್ಲ, ಕೇಳಿದವರಿಗಾಗಿ ಹೇಳಿದ್ದು) ಈ ಸಲ ಊಟ, ಖರೀದಿ, ಹಬ್ಬದ ಪ್ರಶ್ನೆಗಳನ್ನು ಮಾತ್ರ ಎತ್ತಿಕೊಂಡಿದ್ದೇವೆ. ಒಂದು ಮಾತು ಮೊದಲೇ ಹೇಳಿಬಿಡಬೇಕು. ಚಪಾತಿ, ಪಿಲಾವು, ಕಚೋರಿ, ಬಜಿಯಾ, ಹಲ್ವಾ ಎಲ್ಲವೂ ಜಂಜಿಬಾರಿನಲ್ಲಿ ಅದೇ ಹೆಸರಿನಲ್ಲಿ ಸಿಗುತ್ತವೆ. ಹೆಸರು ಗೊತ್ತಿರುವುದಾದ್ದರಿಂದ ಒಳಗಿರುವುದೂ ಗೊತ್ತಿರುವುದೇ ಎಂದುಕೊಳ್ಳುವಲ್ಲೇ ನಮ್ಮವರು ಎಡವುವುದು.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಐದು ದಿನ ಬ್ರೆಡ್ಡು, ಬಾಳೆಹಣ್ಣಿನಲ್ಲೇ ಕಳೆಯಬೇಕೇ? — ಶಿವಮೊಗ್ಗದಿಂದ

ಖಂಡಿತ ಬೇಡ. ತೆಂಗಿನಕಾಯಿ ಹಾಲಿನಲ್ಲಿ ಅಡುಗೆ ಮಾಡುವ ಊರಿನಲ್ಲಿ ನಮ್ಮ ಮಲೆನಾಡು, ಕರಾವಳಿಯವರು ಉಪವಾಸ ಬೀಳುವುದಿಲ್ಲ. ‘ವಾಲಿ ವಾ ನಾಜಿ’ ಎಂದರೆ ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನ. ‘ಮಹರಾಗೆ ಯಾ ನಾಜಿ’ ಎಂದರೆ ಅದೇ ಹಾಲಿನಲ್ಲಿ ಕುದಿಸಿದ ಕೆಂಪು ಹುರುಳಿಕಾಯಿ ಬೀಜ, ಅಂದರೆ ರಾಜ್ಮಾದ ತಮ್ಮ. ‘ಎಂಬಾಜಿ’ ಎಂದರೆ ಇಡೀ ತೊಗರಿಕಾಳು. ಬೆಳಿಗ್ಗೆ ಇದನ್ನು ಸಿಹಿ ಮಾಂದಾಜಿಯ (ಕರಿದ ಉಬ್ಬು ರೊಟ್ಟಿ) ಜೊತೆ ತಿನ್ನುವುದು ಈ ಇಡೀ ಕರಾವಳಿಯ ರೂಢಿ. ‘ಎಂಚಿಚಾ’ ನಮ್ಮ ಹರಿವೆ ಸೊಪ್ಪೇ. ಮರಗೆಣಸು, ಬಾಳೆಕಾಯಿ, ಗೆಣಸು ಎಲ್ಲವೂ ತೆಂಗಿನ ಹಾಲಿನಲ್ಲಿ ಬೆಂದು ಬರುತ್ತವೆ.

ಆದರೆ ‘ವೆಜಿಟೇರಿಯನ್’ ಎಂಬ ಪದವನ್ನು ನಂಬಿ ಕೂರಬೇಡಿ. ಅನೇಕ ಚಿಕ್ಕ ಹೋಟೆಲುಗಳಲ್ಲಿ ಅದರ ಅರ್ಥ ‘ದನದ ಮಾಂಸ ಬೇಡ’ ಎಂದಷ್ಟೇ ಆಗುತ್ತದೆ, ಮೀನು ಬಂದೇ ಬರುತ್ತದೆ. ಬೇಡದ್ದನ್ನು ಒಂದೊಂದಾಗಿ ಹೇಳುವುದೇ ಸರಿಯಾದ ದಾರಿ. ಅಲ್ಲಿನ ಸ್ವಾಹಿಲಿ ಭಾಷೆಯ ಈ ವಾಕ್ಯವನ್ನು ಬರೆದಿಟ್ಟುಕೊಳ್ಳಿ: ‘ಸಿಲಿ ನ್ಯಾಮಾ, ವಾಲಾ ಕುಕು, ವಾಲಾ ಸಮಾಕಿ, ವಾಲಾ ಮಯಾಯಿ.’ ಮಾಂಸ, ಕೋಳಿ, ಮೀನು, ಮೊಟ್ಟೆ ಯಾವುದನ್ನೂ ತಿನ್ನುವುದಿಲ್ಲ ಎಂದು. ಇದರ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: ‘ಸುಪು ಯಾ ನ್ಯಾಮಾ?’ ಮಾಂಸದ ರಸ ಹಾಕಿದ್ದೀರಾ ಎಂದು. ಪಿಲಾವಿನಲ್ಲಿ ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲೇ. ಅಲ್ಲಿನ ಪಿಲಾವಿನ ಕಂದು ಬಣ್ಣ ಚೆನ್ನಾಗಿ ಕೆಂಪಗೆ ಹುರಿದ ಈರುಳ್ಳಿಯಿಂದ ಬಂದದ್ದು. ಅನ್ನ ಬೇಯುವುದು ಸಾಮಾನ್ಯವಾಗಿ ಮಾಂಸದ ರಸದಲ್ಲಿ. ತುಂಡುಗಳನ್ನು ಆರಿಸಿ ತೆಗೆದು ಕೊಟ್ಟರೆ ಅದು ಸಸ್ಯಾಹಾರ ಆಗುವುದಿಲ್ಲ. ಪಿಲಾವು, ಬಿರಿಯಾನಿ ಎರಡನ್ನೂ ಬಿಟ್ಟು ತೆಂಗಿನ ಅನ್ನ ಕೇಳಿ.

ಇನ್ನು ಕೆಲವು ಎಚ್ಚರಿಕೆ. ಸಂಬೂಸಾ ಎಂದರೆ ಬಹುಪಾಲು ಖೀಮಾ, ಆಲೂಗಡ್ಡೆಯದ್ದು ಬೇಕಾದರೆ ಕೇಳಿಯೇ ತೆಗೆದುಕೊಳ್ಳಬೇಕು. ಸೊಪ್ಪಿನ ಪಲ್ಯಕ್ಕೆ ಒಣಮೀನು ‘ದಗಾ’ ಉದುರಿಸುವ ಮನೆಗಳಿವೆ. ‘ಚಿಪ್ಸಿ ಮಯಾಯಿ’ ಆಲೂ ಚಿಪ್ಸ್ ಹಾಕಿದ ಆಮ್ಲೆಟ್. ‘ಎಂಕಾತೆ ವಾ ಕುಮಿಮಿನಾ’ ಎಂಬ ಅಕ್ಕಿಯ ಸಿಹಿ ರೊಟ್ಟಿ ನೋಡಲು ನಮ್ಮ ಖಾಲಿ ದೋಸೆಯ ದಪ್ಪ ಅಕ್ಕನಂತಿರುತ್ತದೆ, ಅದಕ್ಕೆ ಮೊಟ್ಟೆಯ ಬಿಳಿ ಬೀಳುತ್ತದೆ. ಎಳ್ಳು ಹಚ್ಚಿದ ‘ಎಂಕಾತೆ ವಾ ಉಫುತಾ’ಕ್ಕೆ ಸಾಮಾನ್ಯವಾಗಿ ಮೈದಾ, ತೆಂಗಿನ ಹಾಲು, ಯೀಸ್ಟ್ ಅಷ್ಟೆ. ಬೀದಿಯ ಕರಿದ ತಿಂಡಿಗಳ ಎಣ್ಣೆಯಲ್ಲಿ ಮೀನೂ ಕರಿದಿರಬಹುದು. ಅದು ನಿಮಗೆ ನಡೆಯದಿದ್ದರೆ ಜಂಜಿಬಾರಿನ ಹಳೆಯ ಪಟ್ಟಣವಾದ ಸ್ಟೋನ್ ಟೌನಿನ ಭಾರತೀಯ ಹೋಟೆಲುಗಳೇ ಗತಿ. ಇಲ್ಲಿ ತಲೆಮಾರುಗಳಿಂದ ಗುಜರಾತಿಗಳು ನೆಲೆಸಿರುವುದರಿಂದ ದಾಲ್, ರೊಟ್ಟಿಗೆ ಕೊರತೆಯಿಲ್ಲ. ಪೂರ್ವ ತೀರದ ಪಾಜೆ, ಜಂಬಿಯಾನಿ, ಉತ್ತರದ ನುಂಗ್ವಿ ಕಡೆ ಉಳಿಯುವುದಾದರೆ ಹಿಂದಿನ ದಿನವೇ ಅಡುಗೆಮನೆಗೆ ಹೇಳಿಡಿ. ಅಲ್ಲಿ ಕಾಳು ಬೇಯಿಸುವುದು ಬೆಳಿಗ್ಗೆ; ರಾತ್ರಿ ಎಂಟಕ್ಕೆ ಹೋಗಿ ಮಹರಾಗೆ ಕೇಳಿದರೆ ಸಿಗುವುದು ಚಿಪ್ಸ್ ಮಾತ್ರ.

ಪ್ರಶ್ನೆ: ಫೊರೊಧಾನಿಯ ರಾತ್ರಿ ಸಂತೆಯಲ್ಲಿ ಏನು ತಿನ್ನಬಹುದು? ಹೊಟ್ಟೆ ಕೆಡುವುದಿಲ್ಲವೇ? — ಬೆಂಗಳೂರು

ಸ್ಟೋನ್ ಟೌನಿನ ಕಡಲ ದಂಡೆಯ ಫೊರೊಧಾನಿ ಉದ್ಯಾನದಲ್ಲಿ ಸೂರ್ಯ ಮುಳುಗಿದ ಮೇಲೆ ಮೇಜುಗಳು ಹರಡಿಕೊಳ್ಳುತ್ತವೆ. ಸಮಭಾಜಕಕ್ಕೆ ಹತ್ತಿರವಾದ್ದರಿಂದ ವರ್ಷವಿಡೀ ಆರೂಕಾಲರಿಂದ ಆರೂಮುಕ್ಕಾಲರೊಳಗೆ ಕತ್ತಲಾಗುತ್ತದೆ. ಏಳಕ್ಕೆ ಹೋದರೆ ಸರಿ.

ನಿಯಮ ಒಂದೇ: ಕಣ್ಣೆದುರು ಹಸಿಯಿಂದ ಬೇಯುವುದನ್ನು ತಿನ್ನಿ, ಬೇಯಿಸಿ ಪೇರಿಸಿಟ್ಟದ್ದನ್ನು ಬಿಡಿ. ಕಡ್ಡಿಗೆ ಚುಚ್ಚಿ ಸಾಲಾಗಿ ಇಟ್ಟ ಮೀನು, ಆಕ್ಟೋಪಸ್, ಸೀಗಡಿ ಚಿತ್ರಕ್ಕೆ ಚೆನ್ನ. ಅವನ್ನು ಸಂಜೆಯೇ ಅರೆಬೇಯಿಸಿ ತಂದು, ನೀವು ಕೇಳಿದಾಗ ಬಿಸಿ ಮಾಡಿಕೊಡುತ್ತಾರೆ. ಮೀನು ತಿನ್ನುವವರಿಗೂ ನಮ್ಮ ಸಲಹೆ ಅದನ್ನು ಮಧ್ಯಾಹ್ನ ಹೋಟೆಲಿನಲ್ಲಿ ತಿನ್ನಿ ಎಂದೇ. ದರವನ್ನು ತಟ್ಟೆಗೆ ಹಾಕಿಸಿಕೊಳ್ಳುವ ಮೊದಲು ಕೇಳಿ. ಕಡ್ಡಿಗೆಷ್ಟು ಎಂದು ಕೇಳಬೇಕು, ತಟ್ಟೆಗೆಷ್ಟು ಎಂದಲ್ಲ.

ಜಂಜಿಬಾರ್ ಪಿಜ್ಜಾ ಇಟಲಿಯದ್ದಲ್ಲ, ಮೊಗಲಾಯಿ ಪರಾಠದ ಸಂಬಂಧಿ. ಹಿಟ್ಟಿನ ಉಂಡೆಯನ್ನು ಎಣ್ಣೆ ಕೈಯಲ್ಲಿ ಪಾರದರ್ಶಕವಾಗುವಷ್ಟು ತೆಳುವಾಗಿ ಎಳೆದು, ನಡುವೆ ಇನ್ನೊಂದು ಚಿಕ್ಕ ಹಾಳೆ ಇಟ್ಟು, ಅದರ ಮೇಲೆ ಖೀಮಾ, ಈರುಳ್ಳಿ, ದೊಣ್ಣೆಮೆಣಸು, ಚೀಸ್, ಒಂದು ಚಮಚ ಮೇಯನೇಸ್ ಹಾಕಿ ಮೊಟ್ಟೆ ಒಡೆದು ಕಲಸಿ, ನಾಲ್ಕು ಕಡೆ ಮಡಚಿ ಕಾವಲಿಯಲ್ಲಿ ಬೇಯಿಸುತ್ತಾರೆ. ನಡುವಿನ ಚಿಕ್ಕ ಹಾಳೆ ಇಲ್ಲದಿದ್ದರೆ ತಿರುವಿ ಹಾಕುವಾಗ ಹೂರಣ ಹರಿದು ಬರುತ್ತದೆ. ‘ಬಿಲಾ ನ್ಯಾಮಾ, ಬಿಲಾ ಯಾಯಿ’ ಎಂದರೆ ಮಾಂಸ, ಮೊಟ್ಟೆ ಇಲ್ಲದ್ದು. ಆದರೆ ಹೂರಣವನ್ನು ಹಿಡಿದಿಡುವುದು ಮೊಟ್ಟೆಯೇ ಆದ್ದರಿಂದ ಅದಿಲ್ಲದ ಪಿಜ್ಜಾದಲ್ಲಿ ಈರುಳ್ಳಿ ಹಸಿಯಾಗಿ ಉದುರುತ್ತದೆ. ಚೀಸ್ ಜಾಸ್ತಿ ಹಾಕಿಸಿ, ಈರುಳ್ಳಿ ಕಡಿಮೆ ಮಾಡಿಸಿ. ಮೇಯನೇಸಿನಲ್ಲೂ ಮೊಟ್ಟೆ ಇರುತ್ತದೆ. ಸೆಕೆಯಲ್ಲಿ ತೆರೆದಿಟ್ಟ ಡಬ್ಬದ್ದಾದರೆ ಮೊಟ್ಟೆ ತಿನ್ನುವವರೂ ಬೇಡ ಎನ್ನುವುದು ಲೇಸು. ಬಾಳೆಹಣ್ಣು, ಚಾಕೊಲೇಟ್ ಹಾಕಿದ ಸಿಹಿ ಪಿಜ್ಜಾ ಸಸ್ಯಾಹಾರಿಗಳಿಗೆ ಸುಲಭದ ಆಯ್ಕೆ. ಕಾವಲಿ ಮಾತ್ರ ಅದೇ.

ನಿಜವಾಗಿ ತಿನ್ನಬೇಕಾದದ್ದು ಪಿಜ್ಜಾ ಅಲ್ಲ, ‘ಉರೋಜೊ’. ಪ್ರವಾಸಿಗರಿಗೆ ಅದು ‘ಜಂಜಿಬಾರ್ ಮಿಕ್ಸ್’. ಅರಿಶಿನ ಹಾಕಿ ಹಿಟ್ಟು ಕದಡಿ ಕುದಿಸಿದ, ಮಾವಿನಕಾಯಿ ಅಥವಾ ನಿಂಬೆಯ ಹುಳಿಯ ಹಳದಿ ಸಾರು. ಅದರೊಳಗೆ ಬೆಂದ ಆಲೂಗಡ್ಡೆ, ಕಾಳಿನ ಬಜಿಯಾ, ಆಲೂ ಕಚೋರಿ (ಇದು ನಮ್ಮ ಬೋಂಡಾದಂಥ ಉಂಡೆ, ಉತ್ತರದ ಕಚೋರಿಯಲ್ಲ), ಮೇಲೆ ಮರಗೆಣಸಿನ ಗರಿಗರಿ ಎಳೆ, ಕಾಯಿ ಚಟ್ನಿ, ಖಾರದ ರಸ. ಬೇಯಿಸಿದ ಮೊಟ್ಟೆ, ‘ಮಿಶ್ಕಾಕಿ’ ಎಂಬ ಸುಟ್ಟ ಮಾಂಸದ ತುಂಡು ಕೊನೆಗೆ ಬೀಳುತ್ತವೆ, ಆದ್ದರಿಂದ ಮೊದಲೇ ಬೇಡ ಎಂದು ಹೇಳಲು ಸಮಯವಿರುತ್ತದೆ. ಕೊಟ್ಟ ಕೂಡಲೇ ತಿನ್ನಿ. ಪೊಟ್ಟಣ ಕಟ್ಟಿಸಿಕೊಂಡು ರೂಮಿಗೆ ಒಯ್ದರೆ ಗರಿ ಹೋಗಿ ಗಂಜಿಯಾಗುತ್ತದೆ. ಫೊರೊಧಾನಿಗಿಂತ ಊರೊಳಗಿನ ಗಲ್ಲಿಗಳಲ್ಲಿ, ಮಧ್ಯಾಹ್ನದ ಮೇಲೆ ಸ್ಥಳೀಯರು ಬೆಂಚಿನ ಮೇಲೆ ಕೂತು ತಿನ್ನುವ ಕಡೆ ಉರೋಜೊ ರುಚಿ.

ಕಬ್ಬಿನ ಹಾಲಿಗೆ ಶುಂಠಿ, ನಿಂಬೆ ಸೇರಿಸಿ ಹಿಂಡುತ್ತಾರೆ. ಕುಡಿಯಿರಿ, ಐಸ್ ಬೇಡ ಎನ್ನಿ. ನಲ್ಲಿ ನೀರು ಬೇಡವೇ ಬೇಡ.

ಪ್ರಶ್ನೆ: ಅಲ್ಲಿನ ‘ವಿತುಂಬುವಾ’ ನಮ್ಮ ಪಡ್ಡಿನ ಹಾಗೇ ಕಾಣುತ್ತದಂತೆ. ಪಡ್ಡಿನ ಕಾವಲಿಯಲ್ಲಿ ಮಾಡಬಹುದೇ? ಅಳತೆ ಕೊಡಿ. — ಪುತ್ತೂರು

ಮಾಡಬಹುದು. ಕಾವಲಿ ಅದೇ, ಗುಳಿಯೂ ಅದೇ. ಹಿಟ್ಟು ಮಾತ್ರ ಬೇರೆ: ಉದ್ದು ಇಲ್ಲ, ಒಗ್ಗರಣೆ ಇಲ್ಲ. ನಿಮ್ಮ ಕಡೆಯ ಮುಳ್ಕಕ್ಕೆ ಹತ್ತಿರ, ಆದರೆ ಬೆಲ್ಲದ ಬದಲು ಸಕ್ಕರೆ, ಉಬ್ಬಲು ಯೀಸ್ಟ್.

ಬೆಳ್ತಿಗೆ ಅಕ್ಕಿ 2 ಲೋಟ (ಬಾಸ್ಮತಿ ಬೇಡ, ಕುಚ್ಚಲು ಅಕ್ಕಿ ಖಂಡಿತ ಬೇಡ), ದಪ್ಪ ತೆಂಗಿನ ಹಾಲು ಒಂದೂಕಾಲು ಲೋಟ, ಸಕ್ಕರೆ ಅರ್ಧದಿಂದ ಮುಕ್ಕಾಲು ಲೋಟ, ಇನ್‌ಸ್ಟಂಟ್ ಯೀಸ್ಟ್ 1 ಟೀ ಚಮಚ, ಏಲಕ್ಕಿ ಪುಡಿ ಅರ್ಧ ಚಮಚ, ಚಿಟಿಕೆ ಉಪ್ಪು, ಬೇಕಿದ್ದರೆ 2 ದೊಡ್ಡ ಚಮಚ ಅನ್ನ. ಅಕ್ಕಿಯನ್ನು 6ರಿಂದ 8 ತಾಸು ನೆನೆಸಿ, ನೀರು ಪೂರ್ತಿ ಬಸಿದು, ಒಂದು ಲೋಟ ತೆಂಗಿನ ಹಾಲು ಮತ್ತು ಅನ್ನ ಹಾಕಿ ನುಣ್ಣಗೆ ರುಬ್ಬಿ. ಬೆರಳ ನಡುವೆ ತರಿ ಸಿಗಬಾರದು. ಸಕ್ಕರೆಯನ್ನು ಆಮೇಲೆ ಸೇರಿಸಿ. ಅದು ಕರಗಿದಂತೆ ಹಿಟ್ಟು ತೆಳುವಾಗುತ್ತದೆ, ಅದಕ್ಕೇ ಕಾಲು ಲೋಟ ಹಾಲನ್ನು ಉಳಿಸಿಕೊಂಡಿರುವುದು. ಹದ ನೋಡಿ ಬೇಕಾದಷ್ಟೇ ಹಾಕಿ. ದೋಸೆ ಹಿಟ್ಟಿಗಿಂತ ದಪ್ಪ, ಇಡ್ಲಿ ಹಿಟ್ಟಿಗಿಂತ ಸ್ವಲ್ಪ ಸಡಿಲ ಇರಬೇಕು. ಮಿಕ್ಸಿಯಲ್ಲಿ ರುಬ್ಬಿದ ಹಿಟ್ಟು ಬಿಸಿಯಾಗಿರುತ್ತದೆ, ಆರಿದ ಮೇಲೆ ಯೀಸ್ಟ್ ಹಾಕಿ. ಬಿಸಿಗೆ ಹಾಕಿದರೆ ಅದು ಸಾಯುತ್ತದೆ. ಮುಚ್ಚಿಟ್ಟು ಮುಕ್ಕಾಲು ತಾಸಿನಿಂದ ಒಂದೂವರೆ ತಾಸು. ಮೇಲೆ ನೊರೆಗುಳ್ಳೆ ತುಂಬಿದಾಗ ಹುಯ್ಯಲು ಶುರುಮಾಡಿ. ರಾತ್ರಿಯಿಡೀ ಇಡುವ ಅಭ್ಯಾಸ ಇಲ್ಲಿ ಬೇಡ, ತೆಂಗಿನ ಹಾಲು ಹುಳಿಯಾಗಿ ಕಮಟು ಬರುತ್ತದೆ.

ಗುಳಿಗೆ ಅರ್ಧ ಚಮಚ ಎಣ್ಣೆ, ಮುಕ್ಕಾಲು ಭಾಗ ಹಿಟ್ಟು, ಉರಿ ಮಧ್ಯಮಕ್ಕಿಂತ ಕಡಿಮೆ. ಅಂಚು ಬಿಟ್ಟುಕೊಂಡಾಗ ಕಡ್ಡಿಯಲ್ಲಿ ತಿರುವಿ, ಗುಳಿಯ ಅಂಚಿಗೆ ಇನ್ನೊಂದು ಹನಿ ಎಣ್ಣೆ. ಕೆಡುವುದು ಮೂರು ರೀತಿ. ಹೊರಗೆ ಕಪ್ಪಾಗಿ ಒಳಗೆ ಹಿಟ್ಟಾಗಿದ್ದರೆ ಉರಿ ಜಾಸ್ತಿ; ಸಕ್ಕರೆ ಬೇಗ ಕರಕಲಾಗುತ್ತದೆ. ಉಬ್ಬಿ ಆಮೇಲೆ ಕುಸಿದರೆ ಹಿಟ್ಟು ಹೆಚ್ಚು ಹೊತ್ತು ನಿಂತಿದೆ ಅಥವಾ ನೀರಾಗಿದೆ. ಗುಳಿಗೆ ಅಂಟಿದರೆ ಕಾವಲಿ ಪಳಗಿಲ್ಲ. ಮೊದಲ ಸರದಿಗೆ ಖಾರದ ಪಡ್ಡು ಹುಯ್ದು ಆಮೇಲೆ ಇದನ್ನು ಹುಯ್ಯಿರಿ. ಬಿಸಿಯಾಗಿದ್ದಾಗಲೇ ಚೆನ್ನ, ಮರುದಿನಕ್ಕೆ ಗಟ್ಟಿ.

ಪ್ರಶ್ನೆ: ‘ಲವಂಗದ ದ್ವೀಪ’ದಿಂದ ಮಸಾಲೆ ತರುವುದು ಲಾಭವೇ? ಒಳ್ಳೆಯದನ್ನು ಗುರುತಿಸುವುದು ಹೇಗೆ? — ಶಿರಸಿ

ಶಿರಸಿಯವರು ಕಾಳುಮೆಣಸು, ಏಲಕ್ಕಿ, ಅರಿಶಿನ ತರಲು ಜಂಜಿಬಾರಿಗೆ ಹೋಗಬೇಕಿಲ್ಲ. ನಿಮ್ಮ ಅಂಗಳದ್ದೇ ಹೆಚ್ಚು ಹೊಸದು. ತರುವುದಾದರೆ ಲವಂಗ ತನ್ನಿ, ಜಾಯಿಕಾಯಿ ತನ್ನಿ.

ಲವಂಗ ದ್ವೀಪದ ಮೂಲ ಬೆಳೆಯಲ್ಲ; 19ನೇ ಶತಮಾನದ ಆರಂಭದಲ್ಲಿ ಹಿಂದೂ ಮಹಾಸಾಗರದ ಫ್ರೆಂಚ್ ದ್ವೀಪಗಳ ದಾರಿಯಾಗಿ ಬಂತು, ಒಮಾನಿ ಸುಲ್ತಾನರ ಕಾಲದಲ್ಲಿ ಗುಲಾಮರ ದುಡಿಮೆಯಿಂದ ಹಬ್ಬಿತು. ಈಗ ಹೆಚ್ಚಿನದು ಬೆಳೆಯುವುದು ಪ್ರವಾಸಿಗರು ಹೋಗುವ ಮುಖ್ಯ ದ್ವೀಪ ಉಂಗುಜಾದಲ್ಲಲ್ಲ, ಉತ್ತರದ ಪೆಂಬಾ ದ್ವೀಪದಲ್ಲಿ. ಲವಂಗದ ರಫ್ತು ವ್ಯಾಪಾರ ಸರ್ಕಾರಿ ಸಂಸ್ಥೆಯ ಕೈಯಲ್ಲಿದೆ, ಕಳ್ಳಸಾಗಣೆ ಅಪರಾಧ. ಮನೆ ಬಳಕೆಯ ಕಾಲು ಕಿಲೋಗೆ ಯಾರೂ ತಡೆಯುವುದಿಲ್ಲ. ಆದರೆ ‘ಊರಲ್ಲಿ ಮಾರೋಣ’ ಎಂದು ಐದು ಕಿಲೋ ಚೀಲ ಕಟ್ಟಬೇಡಿ, ಅಂಗಡಿಯ ರಸೀದಿ ಜೊತೆಗಿರಲಿ.

ಒಳ್ಳೆಯ ಲವಂಗ ಕೆಂಪು ಮಿಶ್ರಿತ ಕಂದು ಬಣ್ಣದ್ದು. ಕಡುಕಪ್ಪಾಗಿದ್ದರೆ ಒಣಗಿಸುವಾಗ ರಾಶಿಯಲ್ಲಿ ಬೆವತದ್ದು. ತಲೆಯ ಮೇಲಿನ ಚಿಕ್ಕ ಗುಂಡು ಮೊಗ್ಗು ಕಳಚಿರದ ಕಾಳು ಹೆಚ್ಚಿರಬೇಕು. ಒಂದನ್ನು ತೆಗೆದು ಉಗುರಿನಿಂದ ಕಾಂಡವನ್ನು ಒತ್ತಿ: ಎಣ್ಣೆ ಜಿನುಗಿ ಉಗುರು ಹೊಳೆಯಬೇಕು. ನೀರಿನ ಲೋಟಕ್ಕೆ ಹಾಕಿದರೆ ಎಣ್ಣೆ ಇರುವುದು ಮುಳುಗುತ್ತದೆ ಅಥವಾ ನೆಟ್ಟಗೆ ನಿಂತು ತೇಲುತ್ತದೆ. ಎಣ್ಣೆ ತೆಗೆದ ಸಿಪ್ಪೆ ಅಡ್ಡ ಮಲಗಿ ತೇಲುತ್ತದೆ. ಚೀಲದ ತಳ ಕೆದಕಿ ನೋಡಿ. ಹೂಗೊಂಚಲಿನ ತೊಟ್ಟುಗಳನ್ನು ಬೆರೆಸುವುದು ಹಳೆಯ ಕೈಚಳಕ, ವಾಸನೆ ಇರುತ್ತದೆ ಆದರೆ ಎಣ್ಣೆ ಕಡಿಮೆ.

ಜಾಯಿಕಾಯಿಯನ್ನು ಚಿಪ್ಪಿನೊಳಗಿರುವುದನ್ನೇ ಕೊಳ್ಳಿ, ಅಲುಗಿಸಿದರೆ ಸದ್ದಾಗಬೇಕು. ಹುಳ ಕೊರೆದ ಸೂಜಿ ತೂತು ಇದ್ದರೆ ಬಿಡಿ. ವೆನಿಲಾ ಕೋಡು ಬೆರಳಿಗೆ ಸುತ್ತುವಷ್ಟು ಮೆತ್ತಗಿರಬೇಕು. ಕಡ್ಡಿಯಂತೆ ಮುರಿಯುವುದು ಸತ್ತದ್ದು. ‘ಜಂಜಿಬಾರ್ ಕೇಸರಿ’ ಎಂದು ಚಿಕ್ಕ ಪೊಟ್ಟಣದಲ್ಲಿ ಮಾರುವುದು ಕೇಸರಿಯಲ್ಲ, ಬಹುತೇಕ ಕುಸುಬೆ ಹೂವಿನ ಎಸಳು. ನಮ್ಮ ಉತ್ತರ ಕರ್ನಾಟಕದ ಹೊಲದಲ್ಲಿರುವುದನ್ನು ಡಾಲರ್ ಕೊಟ್ಟು ತರುವ ದುರದೃಷ್ಟ ಬೇಡ. ಮಸಾಲೆ ತೋಟದ ಪ್ರವಾಸ ಮುಗಿದಾಗ ಎದುರು ಬರುವ ಬಣ್ಣದ ಬುಟ್ಟಿಯ ಪುಡಿಗಳನ್ನು ಬಿಟ್ಟು, 1904ರಲ್ಲಿ ಶುರುವಾದ ದರಾಜಾನಿ ಮಾರುಕಟ್ಟೆಯಲ್ಲಿ ಇಡೀ ಕಾಳನ್ನೇ ತೂಕ ಮಾಡಿಸಿ ಕೊಳ್ಳಿ. ಹಸಿ ಹಣ್ಣು, ಬಿತ್ತನೆ ಬೀಜ, ಗಿಡ ತರಬೇಡಿ. ಭಾರತದ ಸಸ್ಯ ಕ್ವಾರಂಟೈನ್ ನಿಯಮ ಅದಕ್ಕೆ ಒಪ್ಪುವುದಿಲ್ಲ.

ಪ್ಲಾಸ್ಟಿಕ್ ಕೈಚೀಲವನ್ನು ಊರಿನಿಂದ ಒಯ್ಯಬೇಡಿ. ತಾಂಜಾನಿಯಾ 2019ರ ಜೂನ್‌ನಿಂದ ಅದನ್ನು ನಿಷೇಧಿಸಿದೆ, ಜಂಜಿಬಾರಿನಲ್ಲಿ ಅದಕ್ಕೂ ಮೊದಲೇ ನಿಷೇಧವಿತ್ತು. ಬಟ್ಟೆ ಚೀಲ ಎರಡು ಇರಲಿ, ಮಸಾಲೆಗೆ ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿ.

ಪ್ರಶ್ನೆ: ಮನೆಯ ಹೆಂಗಸರಿಗೆಲ್ಲ ‘ಕಾಂಗಾ’ ತರಬೇಕೆಂದಿದ್ದೇನೆ. ಸೀರೆಯಾಗುತ್ತದೆಯೇ? — ಧಾರವಾಡ

ಸೀರೆಯಾಗುವುದಿಲ್ಲ. ಕಾಂಗಾ ಅಲ್ಲಿನ ಹೆಂಗಸರು ಸುತ್ತಿಕೊಳ್ಳುವ ಅಚ್ಚಿನ ಬಟ್ಟೆ; ಒಂದು ಸುಮಾರು 150 ಸೆಂ.ಮೀ. ಉದ್ದ, 110 ಸೆಂ.ಮೀ. ಅಗಲ. ಜೋಡಿಯಾಗಿ, ಕತ್ತರಿಸದೆ ಒಂದೇ ತುಂಡಾಗಿ ಮಾರುತ್ತಾರೆ. ಒಂದನ್ನು ಸೊಂಟಕ್ಕೆ, ಇನ್ನೊಂದನ್ನು ತಲೆ ಹೆಗಲಿಗೆ. ನೀವೇ ಕತ್ತರಿಸಿ ಅಂಚು ಹೊಲಿಸಬೇಕು. ಅಂಗಡಿಯ ಹತ್ತಿರವೇ ಹೊಲಿಗೆ ಯಂತ್ರ ಇಟ್ಟುಕೊಂಡವರು ಕೂಡಲೇ ಮಾಡಿಕೊಡುತ್ತಾರೆ. ಅರ್ಧ ಜೋಡಿ ಕೊಡಿ ಎಂದರೆ ಅಂಗಡಿಯವರು ನಗುತ್ತಾರೆ. ಕುರ್ತಾ ಹೊಲಿಸುವುದಾದರೆ ಗಮನಿಸಿ: ನಾಲ್ಕೂ ಕಡೆ ಅಂಚುಪಟ್ಟಿ, ನಡುವೆ ಬೇರೆ ಚಿತ್ರ ಇರುತ್ತದೆ. ಮಾಮೂಲಿ ಬಟ್ಟೆಯಂತೆ ಹಾಸಿ ಕತ್ತರಿಸಿದರೆ ಅಂಚು ಎಲ್ಲೆಲ್ಲೋ ಬೀಳುತ್ತದೆ. ಉದ್ದದ ಅಂಚನ್ನು ಕೆಳಗಿನ ಘೇರಿಗೆ, ಅಡ್ಡದ ಅಂಚನ್ನು ತೋಳಿಗೆ ಬರುವಂತೆ ದರ್ಜಿಗೆ ಹೇಳಿ.

ನಡುವಿನ ಚಿತ್ರದ ಕೆಳಗೆ ಸ್ವಾಹಿಲಿಯಲ್ಲಿ ಒಂದು ಸಾಲು ಅಚ್ಚಾಗಿರುತ್ತದೆ. ಕಾಂಗಾದ ಜೀವ ಅದೇ, ಉಡುಗೊರೆಯ ಅಪಾಯವೂ ಅದೇ. ‘ಹಬಾ ನಾ ಹಬಾ ಹುಜಾಜಾ ಕಿಬಾಬಾ’ ನಮ್ಮ ‘ಹನಿ ಹನಿ ಕೂಡಿದರೆ ಹಳ್ಳ’ದ ಜಾತಿಯದು, ಯಾರಿಗೂ ಕೊಡಬಹುದು. ಆದರೆ ಸವತಿಗೆ, ಹೊಟ್ಟೆಕಿಚ್ಚಿನ ನೆರೆಯವಳಿಗೆ ಕುಟುಕುವ ಸಾಲುಗಳೂ ಬೇಕಾದಷ್ಟಿವೆ. ಅರ್ಥ ಕೇಳದೆ ನಾದಿನಿಗೆ ತರಬೇಡಿ. ಅಂಗಡಿಯವರು ಖುಷಿಯಿಂದ ಬಿಡಿಸಿ ಹೇಳುತ್ತಾರೆ, ಒಮ್ಮೊಮ್ಮೆ ಪಕ್ಕದ ಗಿರಾಕಿಗಳೂ ಸೇರಿಕೊಳ್ಳುತ್ತಾರೆ.

ದರಾಜಾನಿಯ ಹಿಂದಿನ ಎಂಚಂಗಾನಿ ಬೀದಿಯ ಬಟ್ಟೆ ಅಂಗಡಿಗಳಲ್ಲಿ ಸ್ಥಳೀಯ ಹೆಂಗಸರು ಕೊಳ್ಳುತ್ತಾರೆ. ಗಿಜೆಂಗಾ ಬೀದಿಯದು ಪ್ರವಾಸಿ ದರ. ಕೆಲವು ಕಾಂಗಾಗಳು ಅಚ್ಚಾಗಿ ಬರುವುದು ಭಾರತದಿಂದಲೇ, ಚೀಟಿ ಓದಿ. ಅಪ್ಪಟ ಹತ್ತಿಯೇ ಎಂದು ತಿಳಿಯಲು ಅಂಚಿನ ಒಂದು ಎಳೆ ಸುಟ್ಟು ನೋಡಿ: ಹತ್ತಿ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಗಟ್ಟಿ ಮಣಿಯಾಗುತ್ತದೆ. ಹೊಸದಕ್ಕೆ ಗಂಜಿ ಜಾಸ್ತಿ, ಬಣ್ಣ ಬಿಡುತ್ತದೆ. ಮೊದಲ ಎರಡು ಒಗೆತ ತಣ್ಣೀರಿನಲ್ಲಿ ಬೇರೆಯಾಗಿ ಆಗಲಿ.

ಪ್ರಶ್ನೆ: ಕರಿಮರದ ಕೆತ್ತನೆ, ಶಂಖ, ಚಿಪ್ಪು ತರಬಹುದೇ? — ಮಂಗಳೂರು

ಕೆತ್ತನೆ ತರಬಹುದು. ಕಡಲಾಮೆ ಚಿಪ್ಪು, ಹವಳ, ದೊಡ್ಡ ಶಂಖಗಳನ್ನು ದಡದಲ್ಲಿ ಯಾರೇ ಮಾರಲಿ, ಮುಟ್ಟಬೇಡಿ. ಅಲ್ಲಿಯ ವಿಮಾನ ನಿಲ್ದಾಣದಲ್ಲೂ ಇಲ್ಲಿಯದರಲ್ಲೂ ಸಿಕ್ಕಿಬೀಳುವ ವಸ್ತುಗಳವು.

ಮಕೊಂಡೆ ಜನರ ಕೆತ್ತನೆಗೆ ಬಳಸುವ ‘ಎಂಪಿಂಗೊ’ ಮರ ನೀರಿನಲ್ಲಿ ಮುಳುಗುವಷ್ಟು ಭಾರ. ಗಾತ್ರಕ್ಕೆ ತಕ್ಕ ತೂಕವಿಲ್ಲದಿದ್ದರೆ ಅದು ಬೂಟ್ ಪಾಲಿಷ್ ಬಳಿದ ಅಗ್ಗದ ಮರ. ಒದ್ದೆ ಕರವಸ್ತ್ರದಿಂದ ತಳವನ್ನು ಉಜ್ಜಿ. ಕಪ್ಪು ಅಂಟಿದರೆ ಹೊರಟುಬಿಡಿ. ಅಸಲಿ ಮರದ ಅಂಚಿನಲ್ಲಿ ಒಂದಿಷ್ಟು ಬಿಳಿಚು ಹೊರಮರ ಉಳಿದಿರುವುದು ಒಳ್ಳೆಯ ಗುರುತು. ಕಡಲ ತೇವದಿಂದ ಒಣ ಊರಿಗೆ ಬಂದಾಗ ದೊಡ್ಡ ತುಂಡುಗಳು ಬಿರಿಯುತ್ತವೆ. ಚಿಕ್ಕದನ್ನು ಕೊಳ್ಳಿ, ಮೊದಲ ತಿಂಗಳು ಫ್ಯಾನು, ಬಿಸಿಲಿನಿಂದ ದೂರ ಇಡಿ.

ಪ್ರಶ್ನೆ: ಡಾಲರ್ ಸಾಕೇ? ಎಷ್ಟು ಚೌಕಾಸಿ ಮಾಡಬೇಕು? — ಮೈಸೂರು

2025ರ ಮಾರ್ಚ್‌ನಿಂದ ತಾಂಜಾನಿಯಾದಲ್ಲಿ ಒಳವ್ಯಾಪಾರಕ್ಕೆ ವಿದೇಶಿ ಹಣದಲ್ಲಿ ಬೆಲೆ ಹೇಳುವುದು, ಪಡೆಯುವುದು ನಿಷಿದ್ಧ. ಶಿಲ್ಲಿಂಗ್ ಬೇಕು. ಅತಿ ದೊಡ್ಡ ನೋಟು 10,000ದ್ದು, ಬೀದಿ ತಿಂಡಿಗೆ ಸಾವಿರ, ಎರಡು ಸಾವಿರದ ನೋಟು ಇಟ್ಟುಕೊಳ್ಳಿ. ಒಯ್ಯುವ ಡಾಲರ್ ನೋಟು ಹೊಸ ಸರಣಿಯದಾಗಿರಲಿ, ಹರಿದ, ಗೀಚಿದ, ಬಹಳ ಹಳೆಯ ನೋಟುಗಳನ್ನು ವಿನಿಮಯದವರು ವಾಪಸ್ ತಳ್ಳುತ್ತಾರೆ.

ತಿಂಡಿ, ತರಕಾರಿಗೆ ಚೌಕಾಸಿ ಬೇಡ, ಪಕ್ಕದವರು ಎಷ್ಟು ಕೊಟ್ಟರು ಎಂದು ನೋಡಿ ಕೊಡಿ. ಸ್ಮರಣಿಕೆಗಳಿಗೆ ಹೇಳಿದ್ದರ ಅರ್ಧದಿಂದ ಶುರುಮಾಡಿ ಮೂರರಲ್ಲಿ ಎರಡು ಪಾಲಿಗೆ ಮುಗಿಸಿದರೆ ಇಬ್ಬರಿಗೂ ಬೇಸರವಿಲ್ಲ. ‘ಅಂಗಡಿ ತೋರಿಸುತ್ತೇನೆ’ ಎಂದು ಬೆನ್ನು ಹತ್ತುವವರ ಕಮಿಷನ್ ನಿಮ್ಮ ಬಿಲ್ಲಿನಲ್ಲೇ ಕೂತಿರುತ್ತದೆ.

ಪ್ರಶ್ನೆ: ರಂಜಾನ್ ಹೊತ್ತಿಗೆ ಅಗ್ಗದ ಟಿಕೆಟ್ ಸಿಗುತ್ತಿದೆ. ಹೋಗಬಹುದೇ? — ಹುಬ್ಬಳ್ಳಿ

ಏಕೆ ಹೋಗುತ್ತೀರಿ ಎಂಬುದರ ಮೇಲಿದೆ. ದ್ವೀಪದ ಜನ ಹೆಚ್ಚುಕಡಿಮೆ ಪೂರ್ತಿ ಮುಸ್ಲಿಮರು. ಹಗಲಲ್ಲಿ ಊರ ಹೋಟೆಲುಗಳು ಮುಚ್ಚಿರುತ್ತವೆ. ಬೀದಿಯಲ್ಲಿ ತಿನ್ನುವುದು, ನೀರು ಕುಡಿಯುವುದು, ಸಿಗರೇಟು ಸೇದುವುದು ಕೂಡದು. ಪೊಲೀಸರು ಹಿಡಿದ ಪ್ರಸಂಗಗಳಿವೆ. ಪ್ರವಾಸಿ ಹೋಟೆಲುಗಳ ಒಳಗೆ ಊಟ ಸಿಗುತ್ತದೆ. ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಸ್ಟೋನ್ ಟೌನ್ ಸುತ್ತುವ ಯೋಜನೆಗೆ ಈ ತಿಂಗಳು ಹೊಂದುವುದಿಲ್ಲ.

ತಿನ್ನಲೆಂದೇ ಹೋಗುವವರಿಗೆ ಮಾತ್ರ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಸಂಜೆ ಉಪವಾಸ ಬಿಡುವ ‘ಫುತಾರಿ’ ಊಟಕ್ಕೆ ಖರ್ಜೂರ, ಗಂಜಿ, ತೆಂಗಿನ ಹಾಲಿನಲ್ಲಿ ಬೇಯಿಸಿದ ಮರಗೆಣಸು, ಬಾಳೆಕಾಯಿ, ‘ತಂಬಿ’ ಎಂಬ ಸಿಹಿ ಶ್ಯಾವಿಗೆ. ಇದರಲ್ಲಿ ಬಹಳಷ್ಟು ಸಸ್ಯಾಹಾರ ಎಂಬುದು ನಮ್ಮವರಿಗೆ ಹೊಳೆಯುವುದೇ ಇಲ್ಲ. ಫೊರೊಧಾನಿ ಉಪವಾಸ ಬಿಟ್ಟ ಮೇಲೆ ತಡವಾಗಿ ತೆರೆದು ತಡರಾತ್ರಿಯವರೆಗೆ ಗಿಜಿಗುಡುತ್ತದೆ. ಈದ್ ದಿನ ಚಂದ್ರನನ್ನು ನೋಡಿ ನಿರ್ಧಾರವಾಗುವುದರಿಂದ ಒಂದು ದಿನ ಆಚೀಚೆ ಆಗಬಹುದು, ಅಂದು ಅಂಗಡಿಗಳು ಬಂದ್. ಖರೀದಿಯನ್ನು ಈದ್‌ಗೆ ಎರಡು ದಿನ ಮೊದಲೇ ಮುಗಿಸಿ. ಲೆಕ್ಕದ ಪ್ರಕಾರ 2027ರ ರಂಜಾನ್ ಫೆಬ್ರುವರಿ ಎರಡನೇ ವಾರದ ಸುಮಾರಿಗೆ ಶುರು. ಏಪ್ರಿಲ್, ಮೇ ತಿಂಗಳ ಅಗ್ಗದ ಟಿಕೆಟ್ ಬೇರೆ ಕಾರಣಕ್ಕೆ: ಅದು ದೊಡ್ಡ ಮಳೆಗಾಲ, ತೀರದ ಎಷ್ಟೋ ಹೋಟೆಲುಗಳು ಮುಚ್ಚಿರುತ್ತವೆ.

ಪ್ರಶ್ನೆ: ಯಾವ ಹಬ್ಬಕ್ಕೆ ಹೊಂದಿಸಿಕೊಂಡು ಹೋದರೆ ಒಳ್ಳೆಯದು? — ಬೆಳಗಾವಿ

ಸಂಗೀತವಾದರೆ ‘ಸೌತಿ ಜಾ ಬುಸಾರಾ’. 2004ರಿಂದ ನಡೆಯುತ್ತಿದೆ, ಸಾಮಾನ್ಯವಾಗಿ ಫೆಬ್ರುವರಿಯಲ್ಲಿ, ಸ್ಟೋನ್ ಟೌನಿನ ಹಳೆಯ ಕೋಟೆಯೊಳಗೆ. ಆಫ್ರಿಕಾದ ನಾನಾ ಕಡೆಯ ತಂಡಗಳು ಬರುತ್ತವೆ, ಜಂಜಿಬಾರಿನದೇ ಆದ ತಾರಬ್ ಸಂಗೀತ ಕೂಡ ಇರುತ್ತದೆ. ರಂಜಾನ್ ಈಗ ಫೆಬ್ರುವರಿಯ ಹತ್ತಿರ ಬಂದಿರುವುದರಿಂದ ದಿನಾಂಕ ನೋಡದೆ ಟಿಕೆಟ್ ಮಾಡಬೇಡಿ.

ಆದರೆ ನಮ್ಮ ಆಯ್ಕೆ ಜುಲೈನ ‘ಎಂವಾಕಾ ಕೊಗ್ವಾ’. ಪರ್ಷಿಯಾ ಮೂಲದ ಸೌರ ಲೆಕ್ಕದ ಹೊಸ ವರ್ಷ, ಉಂಗುಜಾದ ದಕ್ಷಿಣ ತುದಿಯ ಮಕುಂಡುಚಿ ಗ್ರಾಮದಲ್ಲಿ. ಬೆಳಿಗ್ಗೆ ಬಯಲಿನಲ್ಲಿ ಗಂಡಸರು ಎರಡು ಬಣವಾಗಿ ಬಾಳೆದಿಂಡಿನಿಂದ ಬಡಿದಾಡುತ್ತಾರೆ. ವರ್ಷದ ಸಿಟ್ಟೆಲ್ಲ ಅಲ್ಲೇ ತೀರಬೇಕೆಂಬ ನಂಬಿಕೆ. ದಿಂಡು ಮೆದು, ಆದರೂ ಪೆಟ್ಟು ಪೆಟ್ಟೇ. ಕ್ಯಾಮೆರಾ ಹಿಡಿದು ನಡುವೆ ನುಗ್ಗಬೇಡಿ, ಗಾಳಿ ನಿಮ್ಮ ಬೆನ್ನಿಗೆ ಬೀಸುವಂತೆ ನಿಲ್ಲಿ. ಏಕೆಂದರೆ ಆಮೇಲೆ ಗರಿಯ ಗುಡಿಸಲಿಗೆ ಬೆಂಕಿ ಇಡುತ್ತಾರೆ: ಮಂತ್ರ ಬಲ್ಲವರೊಬ್ಬರು ಒಳಹೊಕ್ಕು, ಬೆಂಕಿ ಬಿದ್ದ ಮೇಲೆ ಓಡಿ ಬರುತ್ತಾರೆ. ಹೊಗೆ ಯಾವ ಕಡೆ ಸಾಗಿತೋ ಅದರಿಂದ ವರ್ಷಫಲ. ಹೆಂಗಸರು ಹೊಸ ಕಾಂಗಾ ಉಟ್ಟು ಹಾಡುತ್ತಾ ಸುತ್ತುತ್ತಾರೆ. ಮುಖ್ಯ ಭಾಗ ಮುಗಿಯಲು ಹೆಚ್ಚು ಹೊತ್ತಿಲ್ಲ, ಹತ್ತು ಗಂಟೆಗೆ ಸ್ಟೋನ್ ಟೌನಿನಿಂದ ಹೊರಟವರಿಗೆ ಬೂದಿ ಕಾಣುತ್ತದೆ. ಹಿಂದಿನ ರಾತ್ರಿ ಜಂಬಿಯಾನಿ ಅಥವಾ ಪಾಜೆಯಲ್ಲಿ ಉಳಿಯಿರಿ. ಆ ದಿನ ಮನೆಗೆ ಅತಿಥಿ ಬರುವುದು ಶುಭವೆಂಬ ಭಾವನೆಯಿದೆ, ಊಟಕ್ಕೆ ಕರೆದರೆ ಹೋಗಿ. ಮೊದಲ ಉತ್ತರದ ಆ ಸ್ವಾಹಿಲಿ ವಾಕ್ಯ ಇಲ್ಲಿ ಕೆಲಸಕ್ಕೆ ಬರುತ್ತದೆ. ಹೆಗಲು, ಮೊಣಕಾಲು ಮುಚ್ಚುವ ಉಡುಪು ಇರಲಿ.

ಸಮಯ ಕೇಳುವಾಗ ಜೋಪಾನ. ಸ್ವಾಹಿಲಿ ಗಡಿಯಾರ ಸೂರ್ಯೋದಯದಿಂದ ಎಣಿಸುತ್ತದೆ, ಬೆಳಿಗ್ಗೆ ಏಳು ಅವರಿಗೆ ‘ಒಂದು ಗಂಟೆ’. ‘ಮೂರಕ್ಕೆ ಶುರು’ ಎಂದರೆ ಬೆಳಿಗ್ಗೆ ಒಂಬತ್ತಕ್ಕೆ. ಇಂಗ್ಲಿಷಿನಲ್ಲಿ ಹೇಳಿದರೂ ಕೆಲವರು ತಮ್ಮ ಲೆಕ್ಕದಲ್ಲೇ ಹೇಳುತ್ತಾರೆ. ‘ಅಸುಬುಹಿ’ ಅಂದರೆ ಬೆಳಿಗ್ಗೆಯೇ ಎಂದು ಖಚಿತ ಮಾಡಿಕೊಂಡು, ಕೈಗಡಿಯಾರದಲ್ಲಿ ಮುಳ್ಳು ತೋರಿಸಿ ಕೇಳಿ.

ಪ್ರಶ್ನೆ: ಕೆನ್ಯಾದ ಲಾಮುವಿನ ಕತ್ತೆ ಓಟ ನೋಡುವುದು ಹೇಗೆ? — ಉಡುಪಿ

ಲಾಮು ದ್ವೀಪದ ಹಳೆಯ ಪಟ್ಟಣದಲ್ಲಿ ಸರಕು ಸಾಗಿಸುವುದು ಕತ್ತೆಗಳೇ. ಓಟ ನಡೆಯುವುದು ಕಡಲ ದಂಡೆಯ ಉದ್ದಕ್ಕೆ. ಪ್ರವಾದಿ ಜಯಂತಿಯ ‘ಮೌಲಿದಿ’ ಸಮಯದಲ್ಲಿ ಒಮ್ಮೆ, ಸಾಮಾನ್ಯವಾಗಿ ನವೆಂಬರಿನಲ್ಲಿ ಬರುವ ಸಾಂಸ್ಕೃತಿಕ ಉತ್ಸವದಲ್ಲಿ ಇನ್ನೊಮ್ಮೆ. ಜೊತೆಗೆ ಹಾಯಿದೋಣಿ ಪಂದ್ಯ, ಗೋರಂಟಿ, ಅರೇಬಿಕ್ ಬರಹದ ಸ್ಪರ್ಧೆಗಳಿರುತ್ತವೆ. ಮೌಲಿದಿ ಚಾಂದ್ರಮಾನದ್ದು, ಪ್ರತಿವರ್ಷ ಸುಮಾರು 11 ದಿನ ಹಿಂದೆ ಸರಿಯುತ್ತದೆ. ಮೊದಲು ಹೋಟೆಲ್, ಆಮೇಲೆ ವಿಮಾನ. ಊರು ಚಿಕ್ಕದು, ಕೋಣೆಗಳು ಬೇಗ ತುಂಬುತ್ತವೆ. ರಸ್ತೆ ದಾರಿಯಲ್ಲಿ ಭದ್ರತೆಯ ತೊಂದರೆ ಇರುವುದರಿಂದ ನೈರೋಬಿ ಅಥವಾ ಮೊಂಬಾಸಾದಿಂದ ಮಾಂಡಾ ದ್ವೀಪಕ್ಕೆ ಹಾರಿ, ಅಲ್ಲಿಂದ ದೋಣಿಯಲ್ಲಿ ದಾಟಿ. ದೋಣಿಗೆ ಹತ್ತುವ ಮೊದಲೇ ದರ ಮಾತಾಡಿಕೊಳ್ಳಿ, ಕೆನ್ಯಾದ ಶಿಲ್ಲಿಂಗ್ ಬೇರೆ, ತಾಂಜಾನಿಯಾದ್ದು ಅಲ್ಲಿ ನಡೆಯುವುದಿಲ್ಲ. ಕೆನ್ಯಾಗೆ ಕಾಲಿಟ್ಟು ಭಾರತಕ್ಕೆ ಮರಳುವವರ ಬಳಿ ಹಳದಿ ಜ್ವರದ ಲಸಿಕೆ ಪತ್ರ ಇರಲೇಬೇಕು. ಚುಚ್ಚುಮದ್ದು ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲು ಆಗಿರಲಿ.